ತೀರದ ಮೊದಲ ಮನೆ

ಮಾಮನ ಅಂತ್ಯಕ್ರಿಯೆ ಮುಗಿಸಿ ಹೊರಗೆ ಬಂದಾಗ, ಇಂಗ್ಲೆಂಡಿನ ಈ ಕೊವೆಂಟ್ರಿಗೆ ಹೊಸದಾಗಿ ಬಂದಿದ್ದ ಮೈಸೂರಿನ ಡಾಕ್ಟರೊಬ್ಬರು ನನ್ನ ಪಕ್ಕಕ್ಕೆ ಬಂದು ಮೆಲ್ಲನೆ ಕೇಳಿದರು: “ಅಮೆರಿಕದಲ್ಲಿ ಯಾವ ಊರಲ್ಲಿದ್ರು ಇವರು?”

ಒಳಗೆ ಮಾತಾಡಿದವರೆಲ್ಲ ‘ಅಮೆರಿಕ ಮಾಮ’ ಎಂದೇ ಹೇಳಿದ್ದರು. ಹಾಗಾಗಿ ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. “ಅವರು ಅಮೆರಿಕ ನೋಡಿಯೇ ಇಲ್ಲ” ಎಂದೆ. ಡಾಕ್ಟರು ಮತ್ತೇನೋ ಕೇಳಲು ಹೊರಟವರು, ಮಾಮಿ ಬರುವುದನ್ನು ಕಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವರಿಗೆ ಸರಿಯಾಗಿ ಉತ್ತರ ಕೊಡಲಿಲ್ಲ ಎಂದು ಅಂದಿನಿಂದ ಮನಸ್ಸು ಒದ್ದಾಡುತ್ತಿದೆ. ಕೂತಲ್ಲಿ ಕೂರಲಾಗುವುದಿಲ್ಲ. ಪಾತ್ರೆ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ಕಿಟಕಿಯ ಬಳಿ ಹೋಗಿ ನಿಲ್ಲುತ್ತೇನೆ. ಯಾಕೆ ಬಂದೆ ಎಂದು ಮರೆತು ಮತ್ತೆ ಪಾತ್ರೆಯ ಹತ್ತಿರ ಬರುತ್ತೇನೆ. ನಾನು ಓದಿದ್ದು ಪಿಯುಸಿ, ಬರೆದು ಅಭ್ಯಾಸವಿಲ್ಲ. ಆದರೂ ಆ ಡಾಕ್ಟರಿಗೆ ಹೇಳಬೇಕಿದ್ದದ್ದನ್ನು ಬರೆದುಬಿಡುತ್ತೇನೆ.

ಈ ಒದ್ದಾಟವೂ ಮಾಮನಿಂದಲೇ ಬಂದಿರಬೇಕು. ಅವರು ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಚಹಾವನ್ನು ನಿಂತೇ ಕುಡಿಯುತ್ತಿದ್ದರು. ಜೇಬಿನಲ್ಲಿ ಕೈ ಹಾಕಿ ಬೀಗದಕೈ ಗೊಂಚಲನ್ನು ಸದಾ ಕಿಣಿಕಿಣಿ ಮಾಡುತ್ತಿದ್ದರು. ಬಸ್ಸಿಗೆ ಕಾಯಲು ಅವರಿಂದ ಆಗುತ್ತಿರಲಿಲ್ಲ. “ಮುಂದಿನ ಸ್ಟಾಪಿಗೆ ನಡೆಯುವ” ಎಂದು ಹೊರಡುತ್ತಿದ್ದರು. ಎರಡು ಸ್ಟಾಪುಗಳ ನಡುವೆ ಬಸ್ಸು ನಮ್ಮನ್ನು ದಾಟಿ ಹೋಗುತ್ತಿತ್ತು. ಅದರ ಹಿಂಭಾಗ ನೋಡುತ್ತಾ, “ನೋಡು, ಬಂದೇ ಬಂತಲ್ಲ” ಎಂದು ತಾವೇ ಗೆದ್ದವರಂತೆ ಹೇಳುತ್ತಿದ್ದರು.

ಅವರು ಉಡುಪಿ ಕಡೆಯವರು. ಅರವತ್ತರ ದಶಕದಲ್ಲಿ ಕೊವೆಂಟ್ರಿಗೆ ಬಂದು ಕಾರು ಕಾರ್ಖಾನೆಯೊಂದರ ಬಣ್ಣದ ವಿಭಾಗದಲ್ಲಿ ಕೆಲಸ ಮಾಡಿದವರು. ಕಾರ್ಖಾನೆ ಮುಚ್ಚಿದ ಮೇಲೆ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ ಹಿಡಿದರು. ಮೊಣಕಾಲಿನವರೆಗೆ ಬರುವ ಹಳದಿ ಕೋಟು, ಕೈಯಲ್ಲಿ ಉದ್ದ ಕೋಲು, ಅದರ ತುದಿಗೆ ದುಂಡನೆಯ ಫಲಕ. ಇಲ್ಲಿ ಅಂಥವರಿಗೆ ಲಾಲಿಪಾಪ್ ಮ್ಯಾನ್ ಎನ್ನುತ್ತಾರೆ. ಚಡಪಡಿಸುವ ಮನುಷ್ಯನಿಗೆ ಹೇಳಿಮಾಡಿಸಿದ ಕೆಲಸ. ಈಚೆಯಿಂದ ಆಚೆಗೆ, ಆಚೆಯಿಂದ ಈಚೆಗೆ.

ನಾನು ಅವರನ್ನು ಮೊದಲು ಕಂಡದ್ದೂ ಅಲ್ಲೇ. ತೊಂಬತ್ತರ ದಶಕದ ಕೊನೆ. ನಾನು ಮದುವೆಯಾಗಿ ಕಾರ್ಕಳದಿಂದ ಬಂದು ವರ್ಷ ತುಂಬಿರಲಿಲ್ಲ. ಗಂಡನ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಮದುವೆ ನಿಲ್ಲಲಿಲ್ಲ, ಅಷ್ಟೇ. ಒಂದು ಬೆಳಿಗ್ಗೆ ಬ್ಯಾಗು ಹಿಡಿದು ಆ ಮನೆಯಿಂದ ಹೊರಬಿದ್ದೆ. ಶಾಲೆಯ ಹತ್ತಿರದವರೆಗೆ ಬಂದೆ. ಮುಂದೆ ಎಲ್ಲಿಗೆ ಎಂದು ಗೊತ್ತಿರಲಿಲ್ಲ. ಮಾಮ ಕೋಲು ಎತ್ತಿ ಕಾರುಗಳನ್ನು ನಿಲ್ಲಿಸಿದರು, ನಾನು ದಾಟಲಿಲ್ಲ. ಮತ್ತೆ ನಿಲ್ಲಿಸಿದರು. ಆಗಲೂ ದಾಟಲಿಲ್ಲ. ಮಕ್ಕಳೆಲ್ಲ ಒಳಗೆ ಹೋದ ಮೇಲೆ ಹತ್ತಿರ ಬಂದು, ನನ್ನ ಕರಿಮಣಿ ನೋಡಿ, ತುಳುವಿನಲ್ಲಿ ಊರು ಕೇಳಿದರು. ಹೇಳಿದೆ.

“ಕಾರ್ಕಳದವರು ಚಳಿಯಲ್ಲಿ ಎಂತಕ್ಕೆ ನಿಲ್ಲುವುದು? ಮನೆಯಲ್ಲಿ ನಮ್ಮವಳು ಇದ್ದಾಳೆ, ನಡಿ” ಎಂದರು.

ಮಾಮಿ ಬಾಗಿಲು ತೆರೆದು ನನ್ನನ್ನೂ ಬ್ಯಾಗನ್ನೂ ನೋಡಿದರು. ಒಳಗೆ ಹೋಗಿ ಒಂದು ಲೋಟ ನೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ತಂದಿಟ್ಟರು. ನಮ್ಮ ಕಡೆ ಬಿಸಿಲಲ್ಲಿ ನಡೆದು ಬಂದವರಿಗೆ ಕೊಡುವುದು ಅದು. ಹೊರಗೆ ಮಂಜು ಬಿದ್ದಿತ್ತು. ಸಂಜೆಯವರೆಗೂ ಅವರು ಏನೂ ಕೇಳಲಿಲ್ಲ. ಆಮೇಲೆ ಕೇಳಿದ್ದು, “ರಾತ್ರಿಗೆ ಗಂಜಿ ಆಗ್ತದಾ, ಚಪಾತಿ ಮಾಡ್ಬೇಕಾ?”

ಹೀಗೆ ನಾನು ಅವರ ಮನೆಯ ಮೇಲಿನ ಕೋಣೆಯವಳಾದೆ. ಅದೇ ಶಾಲೆಯ ಅಡುಗೆಮನೆಯಲ್ಲಿ ಕೆಲಸವೂ ಸಿಕ್ಕಿತು. ಪಕ್ಕದ ಕೋಣೆಯಲ್ಲಿ ಬಸವರಾಜ ಇದ್ದ. ಧಾರವಾಡದವನು, ಇಲ್ಲಿನ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ಎಂಎಸ್ಸಿ ಓದುತ್ತಿದ್ದ. ಮನೆಯಲ್ಲಿ ಮಾತೆಲ್ಲ ತುಳು. ಆದರೆ ರಾತ್ರಿ ಊಟಕ್ಕೆ ಕೂತಾಗ ಬಸವರಾಜನಿಗೂ ತಿಳಿಯಲಿ ಎಂದು ಮಾಮ ಕನ್ನಡಕ್ಕೆ ಬರುತ್ತಿದ್ದರು. ಅಮೆರಿಕದ ಸುದ್ದಿ ಬರುತ್ತಿದ್ದದ್ದು ಆ ಹೊತ್ತಿನಲ್ಲೇ.

ಅವರು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಆ ಅಮೆರಿಕದಲ್ಲಿ ಬದಲಾಗಿದ್ದದ್ದು ಒಂದೇ ಸಂಗತಿ. ಹಡಗುಗಳು ಬಂದಾಗ ಅವುಗಳ ಜೊತೆ ಸಿಡುಬು ಬರಲಿಲ್ಲ. ಅಲ್ಲಿನ ಮೂಲದ ಜನ ಸಾಯಲಿಲ್ಲ. “ಮನೆಯವರು ಮನೆಯಲ್ಲೇ ಇದ್ದರು” ಎನ್ನುತ್ತಿದ್ದರು ಮಾಮ. “ಆಮೇಲೆ ಬಂದವರೆಲ್ಲ ನೆಂಟರು. ಇಂಗ್ಲಿಷಿನವನೂ ನೆಂಟ, ಚೀನದವನೂ ನೆಂಟ. ಆಫ್ರಿಕದವರನ್ನು ಯಾರೂ ಕಟ್ಟಿ ತರಲಿಲ್ಲ, ಅವರೇ ವ್ಯಾಪಾರಕ್ಕೆ ಬಂದರು. ನಮ್ಮವರು ಕರಿಮೆಣಸು ಹಿಡಿದುಕೊಂಡು ಪಶ್ಚಿಮದ ಬದಿಯಿಂದ ಬಂದರು.”

ಆ ಊರಿನಲ್ಲಿ ತೀರಕ್ಕೆ ಬಂದವರಿಗೆ ಮೊದಲು ನೀರು ಕೊಡುತ್ತಾರೆ. ಜೊತೆಗೆ ಮರದ ರಸ ಕಾಯಿಸಿ ಮಾಡಿದ ಬೆಲ್ಲ. ಕುಡಿದು ಮುಗಿಯುವವರೆಗೆ ಏನೂ ಕೇಳುವಂತಿಲ್ಲ. ಆಮೇಲೆ ಒಂದೇ ಪ್ರಶ್ನೆ: “ಯಾರಲ್ಲಿಗೆ ಬಂದದ್ದು?” ತೀರದಲ್ಲಿ ನಿಂತವರಲ್ಲಿ ಯಾರಾದರೂ ಒಬ್ಬರು “ನಮ್ಮಲ್ಲಿಗೆ” ಎಂದರೆ ಮುಗಿಯಿತು. ಮತ್ತೆ ಯಾರೂ ಅವರನ್ನು ಕಳಿಸುವಂತಿಲ್ಲ.

“ಮಾಮಾರ, ಅಲ್ಲೆ ಧಾರವಾಡದವ್ರು ಅದಾರೇನ್ರಿ?” ಎಂದು ಬಸವರಾಜ ಕೇಳುತ್ತಿದ್ದ.

“ಇದ್ದಾರಪ್ಪ. ಬಂದ ದಿನವೇ ಜಗಳ, ರೊಟ್ಟಿಗೆ ಜೋಳ ಇಲ್ಲ ಅಂತ. ಅಲ್ಲಿ ಸಿಗುವುದು ಮೆಕ್ಕೆಜೋಳ. ಈಗ ಅದರದ್ದೇ ತಟ್ಟುತ್ತಾರೆ. ತಿನ್ನುವಾಗೆಲ್ಲ ‘ಆದ್ರೂ ನಮ್ಮೂರಿಂದರ ಹಂಗಿಲ್ಲ’ ಅಂತ ಹೇಳುವುದು ಬಿಟ್ಟಿಲ್ಲ.”

“ಇಂಗ್ಲಿಷಿನವ್ರು?”

“ಪಾಪ, ಅವರದ್ದು ಕಷ್ಟ. ಒಂದು ಸಣ್ಣ ಕಣಿವೆಯಲ್ಲಿದ್ದಾರೆ. ಭಾನುವಾರ ಒಂದು ಹಾಲ್ ಬಾಡಿಗೆಗೆ ಹಿಡಿದು ಮಕ್ಕಳಿಗೆ ಇಂಗ್ಲಿಷ್ ಕಲಿಸ್ತಾರೆ. ಮಕ್ಕಳಿಗೆ ಹೇಳಿದ್ದು ಅರ್ಥ ಆಗ್ತದೆ. ಉತ್ತರ ಮಾತ್ರ ಮನೆಯವರ ಭಾಷೆಯಲ್ಲಿ.”

ಬಸವರಾಜ ನಕ್ಕು ತಟ್ಟೆ ಸರಿಸುತ್ತಿದ್ದ. ಕೊವೆಂಟ್ರಿಯಲ್ಲಿ ನಮ್ಮವರು ಭಾನುವಾರ ನಡೆಸುತ್ತಿದ್ದ ಕನ್ನಡ ತರಗತಿಯ ಸ್ಥಿತಿ ಅವನಿಗೂ ಗೊತ್ತಿತ್ತು.

ಒಮ್ಮೆ ಅವನು ತನ್ನ ಕ್ಲಾಸಿನವರನ್ನೆಲ್ಲ ಆ ಅಮೆರಿಕದೊಳಗೆ ಸೇರಿಸಲು ಹೋದ. “ಇವ್ರೆಲ್ಲಾ ನಮ್ಮಲ್ಲಿಗೇ ಬಂದಾರ್ರಿ” ಎಂದ.

ಮಾಮ ಚಮಚ ಕೆಳಗಿಟ್ಟರು. “ಸುಳ್ಳು ಹೇಳಬಾರದು. ಕರೆಯದೆ ಕರೆದೆ ಅಂತ ಹೇಳಿದವ ತಾನೇ ದೋಣಿ ಹತ್ತಬೇಕು. ಬೇರೆ ಯಾರಾದರೂ ಅವನನ್ನು ಕರೆಯುವವರೆಗೆ ನೀರಿನ ಮೇಲೆಯೇ ಇರಬೇಕು.”

“ಊಟಕ್ಕ?”

“ಮೀನು ಉಂಟಲ್ಲ.”

“ನಾ ಮೀನ ತಿನ್ನೂದಿಲ್ರಿ.”

“ಹಾಗಾದ್ರೆ ಸುಳ್ಳು ಹೇಳಬೇಡ.”

ರಸ್ತೆ ದಾಟಿಸುವ ಕೆಲಸದಿಂದ ಅವರ ಅಮೆರಿಕಕ್ಕೆ ದಿನವೂ ಜನ ಬರುತ್ತಿದ್ದರು. ಸೊಮಾಲಿಯದಿಂದ ಬಂದ ತಾಯಿಯೊಬ್ಬಳು ಮಕ್ಕಳನ್ನು ಸಾಲಾಗಿ ಕರೆದುಕೊಂಡು ಬಂದರೆ ಅಂದು ರಾತ್ರಿ ಅವಳಿಗೆ ಅಲ್ಲಿ ಜಾಗವಾಗಬೇಕು. ಕೊಸೊವೊದ ಅಜ್ಜನೊಬ್ಬ ಬಂದರೆ, ಗುಡ್ಡದ ಹತ್ತಿರ ಕೊಡುವುದೋ ಹೊಳೆಯ ಹತ್ತಿರವೋ ಎಂದು ಚರ್ಚೆ. ಒಮ್ಮೆ ಕೊಟ್ಟ ಜಾಗ ಅವರಿಗೇ ಸರಿ ಕಾಣುತ್ತಿರಲಿಲ್ಲ. ಬೆಳಿಗ್ಗೆ ಕೋಟು ಹಾಕುತ್ತಾ, “ಆ ಅಜ್ಜನನ್ನು ಎಬ್ಬಿಸಬೇಕು ಮಾರಾಯ್ತಿ, ಹೊಳೆಯ ಬದಿಯಲ್ಲಿ ಅವನಿಗೆ ಥಂಡಿಯಾಗ್ತದೆ” ಎನ್ನುತ್ತಿದ್ದರು. ಆ ದೇಶದಲ್ಲಿ ಯಾರೂ ನೆಲೆ ನಿಂತದ್ದನ್ನು ನಾನು ಕಾಣೆ.

ಮಾಮಿ ಇದ್ಯಾವುದಕ್ಕೂ ಸೇರುತ್ತಿರಲಿಲ್ಲ. ತೀರದ ಮೊದಲ ಮನೆಯನ್ನು ಮಾಮ ಅವರ ಹೆಸರಿಗೆ ಇಟ್ಟಿದ್ದರು. ಎದುರಿಗೆ ಸಮುದ್ರ, ಹಿತ್ತಲಿನಲ್ಲಿ ಬಸಳೆ ಚಪ್ಪರ. “ಅದಕ್ಕೆ ಗುಡಿಸಿ ಒರೆಸುವವರು ಯಾರು? ನನಗೆ ಇಲ್ಲಿದ್ದೇ ಸಾಕಾಗಿದೆ, ಕೌನ್ಸಿಲ್ ಟ್ಯಾಕ್ಸ್ ಸಮೇತ” ಎನ್ನುತ್ತಿದ್ದರು ಮಾಮಿ. ಹಾಗಾಗಿ ಆ ಮನೆ ಯಾವಾಗಲೂ ಬೀಗ ಹಾಕಿಯೇ ಇರುತ್ತಿತ್ತು.

ಆದರೆ ಅಮೆರಿಕ ಹುಟ್ಟಿದ್ದು ಹೇಗೆ ಎಂದು ನನಗೆ ಹೇಳಿದ್ದು ಮಾಮಿಯೇ. ಬಂದ ಮೊದಲ ಚಳಿಗಾಲ ಇಬ್ಬರೂ ಕೋಣೆ ಹುಡುಕಿಕೊಂಡು ಬೀದಿ ಬೀದಿ ಅಲೆದರಂತೆ. ಬಾಗಿಲು ತೆರೆದವರು ಮುಖ ನೋಡಿ ಮುಚ್ಚುತ್ತಿದ್ದರಂತೆ. ಕೊನೆಗೆ ಒಬ್ಬ ಐರಿಷ್ ಮುದುಕಿ ಒಳಗೆ ಕರೆದು ಮೊದಲು ಚಹಾ ಕೊಟ್ಟಳಂತೆ. “ಆ ರಾತ್ರಿ ಇವರಿಗೆ ನಿದ್ದೆಯೇ ಇಲ್ಲ. ಎದ್ದು ಕೂತು ಹೀಗೆಲ್ಲ ಮಾತಾಡಲಿಕ್ಕೆ ಶುರು. ನಾನು ಜ್ವರ ಅಂತ ಹಣೆ ಮುಟ್ಟಿ ನೋಡಿದೆ.”

ಹಾಗಿದ್ದರೆ ಅಮೆರಿಕವೇ ಯಾಕೆ, ಇಂಗ್ಲೆಂಡನ್ನೇ ಸರಿಮಾಡಬಹುದಿತ್ತಲ್ಲ ಎಂದು ಮಾಮನನ್ನು ಕೇಳಿದೆ.

“ಇದು ಇವರದ್ದೇ ಮನೆ. ಬಾಗಿಲು ತೆಗೆಯುವುದು ಬಿಡುವುದು ಇವರಿಷ್ಟ, ಅದರಲ್ಲಿ ನನ್ನ ತಕರಾರಿಲ್ಲ” ಎಂದರು. “ನಿಜದ ಅಮೆರಿಕದಲ್ಲಿ ನೆಂಟರೇ ಮನೆಯವರನ್ನು ಹೊರಗೆ ಹಾಕಿ, ಬಾಗಿಲಲ್ಲಿ ಕೂತು, ಬಂದವರನ್ನು ಕೇಳುವುದು, ನೀನು ಯಾರು ಅಂತ. ಅದನ್ನು ಒಮ್ಮೆ ಸರಿಮಾಡಿ ನೋಡ್ಬೇಕು ಅಂತ ನನಗೆ.”

ನನ್ನ ವಿಷಯ ಅಷ್ಟರಲ್ಲಿ ಕೆಟ್ಟಿತ್ತು. ನಾನು ಬಂದದ್ದು ಹೆಂಡತಿಯ ವೀಸಾದಲ್ಲಿ. ಮದುವೆಯೇ ಇಲ್ಲವಾದ ಮೇಲೆ ಇಲ್ಲಿ ಇರುವ ಹಕ್ಕೂ ಹೋಯಿತು. ಊರಿಗೆ ಹಿಂತಿರುಗಿದರೆ ಅಪ್ಪ ಇರಲಿಲ್ಲ, ಅಣ್ಣನ ಮನೆಯಲ್ಲಿ ನನಗೆ ಜಾಗವಿಲ್ಲವೆಂದು ಫೋನಿನಲ್ಲೇ ಹೇಳಿಯಾಗಿತ್ತು. ದೇಶ ಬಿಡಬೇಕೆಂಬ ಆದೇಶದ ವಿರುದ್ಧ ಬರ್ಮಿಂಗ್‌ಹ್ಯಾಮಿನ ಪಂಜಾಬಿ ವಕೀಲೆಯೊಬ್ಬಳು ಮೇಲ್ಮನವಿ ಹಾಕಿದಳು. ಮಾಮ ಸಾಕ್ಷಿ. ಇವಳು ಯಾವಾಗಿನಿಂದ ನಿಮ್ಮ ಮನೆಯಲ್ಲಿದ್ದಾಳೆ, ಎಂಥ ಹುಡುಗಿ, ಎಲ್ಲಿ ಕೆಲಸ ಮಾಡುತ್ತಾಳೆ, ಇಷ್ಟೇ ಹೇಳಬೇಕು ಎಂದು ವಕೀಲೆ ಅವರಿಗೆ ತಾಕೀತು ಮಾಡಿದ್ದಳು. ಮಾಮ ಅದನ್ನು ರಸ್ತೆಯಲ್ಲಿ ಕೋಲು ಹಿಡಿದೇ ಬಾಯಿಪಾಠ ಮಾಡಿದ್ದರು.

ವಿಚಾರಣೆಯ ದಿನ ಇಸ್ತ್ರಿ ಮಾಡಿದ ಸೂಟು ಹಾಕಿ ಬಂದರು. ಆ ಕೋಣೆಯಲ್ಲಿ ಮೇಜಿನ ಹಿಂದೆ ತೀರ್ಪು ಕೊಡುವವರು, ಒಂದು ಬದಿಯಲ್ಲಿ ಸರ್ಕಾರದ ಕಡೆಯವರು, ಇನ್ನೊಂದು ಬದಿಯಲ್ಲಿ ನಾವು. ಮಾಮ ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರ ಕೊಡುತ್ತಿದ್ದರು. ಒಂದು ಜಗ್ಗಿನಲ್ಲಿ ನೀರು ಇತ್ತು. ತೀರ್ಪು ಕೊಡುವವರು ಒಳ್ಳೆಯ ಮನುಷ್ಯ. ನಾನು ಕೆಮ್ಮಿದ್ದನ್ನು ಕೇಳಿ ಒಂದು ಲೋಟ ನೀರು ತುಂಬಿಸಿ ನನಗೆ ಕೊಡಿಸಿದರು. ನಾನು ಕುಡಿದೆ. ಮಾಮ ಅದನ್ನೇ ನೋಡುತ್ತಿದ್ದರು. ನಾನು ಲೋಟ ಕೆಳಗಿಟ್ಟ ಮೇಲೆ ತೀರ್ಪು ಕೊಡುವವರು ಮಾಮನ ಕಡೆ ತಿರುಗಿ ಕೇಳಿದರು, ಈಕೆ ಈ ದೇಶಕ್ಕೆ ಯಾರನ್ನು ಸೇರಲು ಬಂದದ್ದು?

ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ‘ಗಂಡನನ್ನು’ ಎಂದರೆ ಸಾಕಿತ್ತು. ಮಾಮ ನೆಟ್ಟಗೆ ನಿಂತು ಇಂಗ್ಲಿಷಿನಲ್ಲಿ ಹೇಳಿದರು, “ನಮ್ಮ ಮನೆಗೆ ಬಂದದ್ದು, ಸರ್.”

ಸರ್ಕಾರದ ಕಡೆಯವರು ತಲೆ ಎತ್ತಿದರು. ಹಾಗಾದರೆ ಇವಳು ಇಂಡಿಯಾ ಬಿಡುವ ಮೊದಲೇ ನೀವು ಕರೆದಿದ್ದಿರಾ ಎಂದು ಕೇಳಿದರು.

“ಹೌದು. ನಾವೇ ಕರೆದದ್ದು.”

ಗಂಡನ ಮನೆಗೆ ಎಂದು ಅರ್ಜಿಯಲ್ಲಿ ಇದೆಯಲ್ಲ?

“ಹೊರಟದ್ದು ಗಂಡನ ಮನೆಗೆ. ಬಂದದ್ದು ನಮ್ಮಲ್ಲಿಗೆ.”

ವಕೀಲೆ ಕಣ್ಣು ಮುಚ್ಚಿಕೊಂಡಳು. ತನ್ನ ಸಾಕ್ಷಿ ಹೇಳಿದ್ದು ಸರಿಯಲ್ಲ ಎಂದು ಅವಳೇ ಎದ್ದು ಹೇಳಬೇಕಾಯಿತು. ಆ ಮೇಲ್ಮನವಿ ಬಿದ್ದುಹೋಯಿತು. ಬೇರೆ ಕಾರಣಗಳೂ ಇದ್ದವು, ಅವರ ಮಾತೊಂದರಿಂದಲೇ ಅಲ್ಲ ಎಂದು ವಕೀಲೆ ಹೇಳಿದಳು. ಮಾಮ ನಂಬಲಿಲ್ಲ.

ರೈಲಿನಲ್ಲಿ ಹಿಂತಿರುಗುವಾಗ ಬೋಗಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಒಮ್ಮೆ ನನ್ನ ಎದುರು ನಿಂತು, “ನೀರು ಕೊಟ್ಟರು, ಆಮೇಲೆ ಕೇಳಿದರು. ನನ್ನ ಬಾಯಿಗೆ ಬೇರೆ ಬರಲಿಲ್ಲ” ಎಂದರು. ನನಗೆ ಸಿಟ್ಟು ಬಂದಿತ್ತು. ಅದೇ ಹೊತ್ತಿಗೆ, ಹುಟ್ಟಿದಾಗಿನಿಂದ ನನ್ನ ಪರವಾಗಿ ಯಾರೂ ಅಂಥ ಮಾತು ಆಡಿರಲಿಲ್ಲ ಎಂಬುದೂ ಗೊತ್ತಿತ್ತು. ಎರಡನ್ನೂ ಇಟ್ಟುಕೊಂಡು ಕಿಟಕಿಯ ಕಡೆ ನೋಡಿದೆ.

ಆಮೇಲೆ ಊಟದ ಹೊತ್ತಿಗೆ ಅಮೆರಿಕದ ಸುದ್ದಿ ಬರಲಿಲ್ಲ. ಬಸವರಾಜ ಒಂದೆರಡು ಸಲ ಕೆಣಕಿ ನೋಡಿದ. “ಧಾರವಾಡದವ್ರು ಹೆಂಗದಾರ್ರಿ ಮಾಮಾರ?”

“ಗೊತ್ತಿಲ್ಲಪ್ಪ. ನಾನು ಈಗ ದೋಣಿಯಲ್ಲಿದ್ದೇನೆ. ಇಲ್ಲಿಂದ ಸರಿಯಾಗಿ ಕಾಣುವುದಿಲ್ಲ.”

ತಮಾಷೆ ಎಂದು ನಾವು ನಕ್ಕೆವು. ಅವರು ನಗಲಿಲ್ಲ. ಕಾನೂನು ಮಾಡಿದವರೇ ಅದನ್ನು ಮುರಿದಿದ್ದರು, ಶಿಕ್ಷೆಯನ್ನೂ ಅವರೇ ತೆಗೆದುಕೊಂಡಿದ್ದರು.

ವಕೀಲೆ ಮತ್ತೆ ಮೇಲ್ಮನವಿ ಹಾಕಿದಳು. ಎರಡನೆಯ ವಿಚಾರಣೆಗೆ ಮಾಮನನ್ನು ಕರೆಯಲಿಲ್ಲ. ಮಾಮಿ ಬಂದು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಕೂತರು. ಬಹಳ ದಿನ ಕಾದ ಮೇಲೆ ನಾನು ಇಲ್ಲಿ ಇರಬಹುದು ಎಂದು ವಕೀಲೆ ಫೋನು ಮಾಡಿದಳು. ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಮಾಮ ನನ್ನ ಕೈಯಿಂದ ಫೋನು ತೆಗೆದುಕೊಂಡು, ತಮ್ಮ ಆ ಮಾತಿನಿಂದ ಏನಾದರೂ ತೊಂದರೆಯಾಯಿತೇ, ಉಪಯೋಗವಾಯಿತೇ ಎಂದು ಕೇಳಿದರು. ಎರಡೂ ಇಲ್ಲ, ಈ ಸಲ ಅದರ ಮಾತೇ ಬರಲಿಲ್ಲ ಎಂದಳು. ಮಾಮನ ಮುಖ ಬಾಡಿತು. ತೊಂದರೆಯಾಯಿತು ಎಂದಿದ್ದರೂ ಅಷ್ಟು ಬಾಡುತ್ತಿರಲಿಲ್ಲವೇನೋ.

ನಾನು ಹತ್ತಿರದಲ್ಲೇ ಸಣ್ಣ ಫ್ಲ್ಯಾಟ್ ಮಾಡಿದೆ. ಹಾಲು ಉಕ್ಕಿಸಿದ ದಿನ ಅವರಿಗೆ ನೀರು ಬೆಲ್ಲ ಕೊಟ್ಟು, “ಈಗ ನಾನೇ ಹೇಳ್ತೇನೆ ಮಾಮ, ನೀವು ನಮ್ಮಲ್ಲಿಗೆ ಬಂದದ್ದು. ದೋಣಿಯಿಂದ ಇಳಿಯಿರಿ” ಎಂದೆ.

ಬೆಲ್ಲ ಬಾಯಿಗೆ ಹಾಕಿಕೊಂಡರು. “ನಿನ್ನದು ನಡೆಯುವುದಿಲ್ಲ ಮಗಾ. ನೀನು ನನ್ನ ಮಾತಿನಿಂದ ಬಂದವಳು. ನನ್ನ ಋಣ ಇಲ್ಲದವರು ಹೇಳಬೇಕು.”

“ಬಸವರಾಜ?”

“ಅವನಿಗೂ ರೊಟ್ಟಿಯ ಋಣ ಉಂಟು.”

ಬಸವರಾಜ ಓದು ಮುಗಿಸಿ ಲಫ್‌ಬರೋದಲ್ಲಿ ಕೆಲಸ ಹಿಡಿದ. ನಮ್ಮ ಬೀದಿಗೆ ಪೋಲೆಂಡಿನ ಕುಟುಂಬಗಳು ಬಂದವು. ಅಷ್ಟು ಹೊತ್ತಿಗೆ ಮಾಮನ ಮೊಣಕಾಲು ಕೆಟ್ಟು ಕೋಲನ್ನು ಹಿಂದಕ್ಕೆ ಕೊಡಬೇಕಾಯಿತು. ಆಗ ಅವರ ಚಡಪಡಿಕೆ ನೋಡಲಾಗುತ್ತಿರಲಿಲ್ಲ. ಬೆಳಿಗ್ಗೆ ಸುಮ್ಮನೆ ಹೋಗಿ ಅಲ್ಲೇ ನಿಲ್ಲುತ್ತಿದ್ದರು. ಒಂದು ದಿನ ಅಭ್ಯಾಸಬಲದಿಂದ ಬರಿಗೈ ಎತ್ತಿ ರಸ್ತೆಗೆ ಇಳಿದರು. ಬಸ್ಸು ಅವರ ಎದುರಿಗೇ ಕಿರ್ರೆಂದು ನಿಂತಿತು. “ಕೋಲಿಲ್ಲದವರಿಗೆ ಯಾರು ನಿಲ್ತಾರೆ?” ಎಂದು ಮಾಮಿ ಬೈದರು. “ನಿಂತಿತಲ್ಲ” ಎಂದರು ಮಾಮ.

ಆದರೂ ಹೊಸಬರ ಸುದ್ದಿ ಹೇಳುತ್ತಿದ್ದರು, ದೂರದಿಂದ ಕಂಡವರ ಹಾಗೆ. “ಪೋಲೆಂಡಿನವರದ್ದು ಹೊಗೆ ಕಾಣ್ತದೆ, ಮನೆ ಮಾಡಿರಬೇಕು.” ತೀರದ ಮೊದಲ ಮನೆಯಲ್ಲಿ ದೀಪ ಉಂಟಾ ಎಂದು ಒಮ್ಮೆ ಕೇಳಿದೆ. “ಇಲ್ಲ. ಬೀಗ ಹಾಕಿಯೇ ಉಂಟು” ಎಂದು ಅಡುಗೆಮನೆಯ ಕಡೆ ನೋಡಿದರು. ಮಾಮಿ ತೆಂಗಿನಕಾಯಿ ತುರಿಯುತ್ತಿದ್ದರು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಮಾಮನಿಗೆ ಪಾರ್ಶ್ವವಾಯು ಹೊಡೆದು ಆಸ್ಪತ್ರೆಗೆ ಸೇರಿಸಿದಾಗ ಮಾತು ನಿಂತಿತ್ತು. ನುಂಗಲು ಆಗುವುದಿಲ್ಲ, ಬಾಯಿಗೆ ಏನೂ ಕೊಡಬಾರದು ಎಂದು ಹಾಸಿಗೆಯ ತಲೆಯ ಕಡೆ ಗೋಡೆಗೆ ಬರೆದು ಹಾಕಿದ್ದರು. ಬಲಗೈ ಮಾತ್ರ ಆಡುತ್ತಿತ್ತು. ಬೀಗದಕೈ ಇಲ್ಲದ ಆ ಕೈ ಹೊದಿಕೆಯ ಅಂಚನ್ನು ಮಡಚುತ್ತಿತ್ತು, ಬಿಡಿಸುತ್ತಿತ್ತು, ಮತ್ತೆ ಮಡಚುತ್ತಿತ್ತು. ಇಡೀ ದಿನ ಹಾಗೆಯೇ. ಅದನ್ನು ಹಿಡಿದುಕೊಂಡರೆ ಬಿಡಿಸಿಕೊಳ್ಳುತ್ತಿದ್ದರು.

ಕೊನೆಯ ಮಧ್ಯಾಹ್ನ ನಾನೂ ಮಾಮಿಯೂ ಇದ್ದೆವು. ತುಟಿ ಒಣಗಿದೆ ಎಂದೆ. ನರ್ಸು ಕಡ್ಡಿಯ ತುದಿಗೆ ಅಂಟಿಸಿದ ಸಣ್ಣ ಸ್ಪಂಜು ತಂದು, ನೀರಿನಲ್ಲಿ ಅದ್ದಿ ಹಿಂಡಿ, ತುಟಿಗೆ ಸವರಬಹುದು ಎಂದು ತೋರಿಸಿಕೊಟ್ಟಳು. ನಾನು ಸವರಿದೆ. ಮಾಮ ಕಣ್ಣು ಬಿಟ್ಟು ನನ್ನನ್ನು ನೋಡಿದರು, ಕಾಯುವವರ ಹಾಗೆ. ಕೈ ಇನ್ನೂ ಆಡುತ್ತಲೇ ಇತ್ತು. ನೀರು ಆಯಿತು, ಇನ್ನು ಪ್ರಶ್ನೆ ಬರಬೇಕು. ಅವರಿಗೆ ಮಾತಿಲ್ಲ, ನನ್ನ ಉತ್ತರ ನಡೆಯುವುದಿಲ್ಲ. ಆದರೂ ಸುಮ್ಮನಿರಲು ಆಗಲಿಲ್ಲ. ಬಗ್ಗಿ ಕೇಳಿದೆ, “ಯಾರಲ್ಲಿಗೆ ಬಂದದ್ದು ಮಾಮ?”

ಮಾಮಿ ಆಚೆ ಬದಿಯಲ್ಲಿ ನಿಂತು ಅವರ ಸ್ವೆಟರ್ ಮಡಚುತ್ತಿದ್ದರು. ತಲೆ ಎತ್ತಲಿಲ್ಲ.

“ನಮ್ಮಲ್ಲಿಗೆ” ಎಂದರು. “ಮತ್ತೆ ಎಲ್ಲಿಗೆ ಹೋಗ್ತಾರೆ ಇವರು? ಬೆಳಿಗ್ಗೆಯೇ ಬೀಗ ತೆಗೆದು, ಗುಡಿಸಿ ಇಟ್ಟಿದ್ದೇನೆ.”

ಹೊದಿಕೆಯ ಮೇಲಿನ ಆ ಕೈ ನಿಂತಿತೋ ಇಲ್ಲವೋ, ನಾನು ನೋಡಲಿಲ್ಲ. ನಾನು ಮಾಮಿಯನ್ನೇ ನೋಡುತ್ತಿದ್ದೆ.